ಬಿತ್ತನೆ ಕಬ್ಬಿನೊಂದಿಗೆ ಬರುವ ರೋಗ

ಕಬ್ಬನ್ನು ಕಾಡುವ ಶಿಲೀಂಧ್ರ ರೋಗಗಳಲ್ಲಿ ದೊಡ್ಡವೆನಿಸಿದವು ಹೊಲಕ್ಕೆ ಬರುವುದು ಬಿತ್ತನೆ ತುಂಡಿನೊಳಗೆ ಕೂತು. ಭತ್ತ, ಜೋಳ, ರಾಗಿಗಳಲ್ಲಿ ತಾಯಿಗಿಡದ ರೋಗದ ಬಹುಪಾಲು ಕಾಳಿಗೆ ದಾಟದೆ ಹುಲ್ಲಿನಲ್ಲೇ ಉಳಿದುಬಿಡುತ್ತದೆ. ಕಬ್ಬಿನಲ್ಲಿ ಹಾಗಲ್ಲ. ಇಲ್ಲಿ ಬಿತ್ತುವುದೇ ಜಲ್ಲೆಯ ತುಂಡು. ಹಿಂದಿನ ಬೆಳೆಯ ಕಾಂಡದಲ್ಲಿ ಏನಿತ್ತೋ ಅದಷ್ಟೂ ಹೊಸ ಸಾಲಿಗೆ ಇಳಿಯುತ್ತದೆ. ಮೂರು ಕಣ್ಣಿನ ತುಂಡುಗಳಾದರೆ ಎಕರೆಗೆ ಸುಮಾರು ಮೂರು ಟನ್ ಬೇಕು. ಇಷ್ಟು ದೊಡ್ಡ ರಾಶಿಯನ್ನು ಒಂದೊಂದಾಗಿ ನೋಡಿ ಆರಿಸುವ ಪುರುಸೊತ್ತು ನಾಟಿಯ ದಿನ ಯಾರಿಗೂ ಇರುವುದಿಲ್ಲ. ನೆಟ್ಟ ಬೆಳೆ ಹನ್ನೆರಡರಿಂದ ಹದಿನೆಂಟು ತಿಂಗಳು ನಿಲ್ಲುತ್ತದೆ, ಕಡಿದ ಮೇಲೆ ಅದೇ ಬುಡದಿಂದ ಕೂಳೆ ಎರಡು ಮೂರು ಸಲ ಬರುತ್ತದೆ. ಒಮ್ಮೆ ಒಳಗೆ ಸೇರಿದ ಶಿಲೀಂಧ್ರಕ್ಕೆ ನಾಲ್ಕೈದು ವರ್ಷ ಕದಲದೆ ಇರಲು ಜಾಗ ಸಿಕ್ಕಂತಾಯಿತು.

ರೋಗ ಕಂಡ ಮೇಲೆ ಔಷಧಿ ಹೊಡೆದು ಗುಣಪಡಿಸುವ ದಾರಿ ಕಬ್ಬಿನಲ್ಲಿ ಬಹುಮಟ್ಟಿಗೆ ಮುಚ್ಚಿದೆ. ಏಳೆಂಟು ತಿಂಗಳ ಕಬ್ಬು ಆಳೆತ್ತರ ದಾಟಿ ಸೋಗೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಒಳಗೆ ಪಂಪು ಹೊತ್ತು ನುಗ್ಗುವುದೇ ಕಷ್ಟ. ನುಗ್ಗಿದರೂ ಔಷಧಿ ಬೀಳುವುದು ಎಲೆಯ ಮೇಲೆ, ರೋಗ ಇರುವುದು ಕಾಂಡದ ತಿರುಳಿನಲ್ಲಿ. ಹೀಗಿದ್ದೂ ಊರಿನ ಗೊಬ್ಬರದ ಅಂಗಡಿಯಲ್ಲಿ ಮೊದಲು ಸಿಗುವ ಸಲಹೆ ಸಿಂಪಡಣೆಯದ್ದೇ. ಎಲೆಗೆ ಬರುವ ಒಂದೆರಡು ರೋಗ ಬಿಟ್ಟರೆ ಅದಕ್ಕೆ ಸುರಿದ ಹಣ ವ್ಯರ್ಥ. ಕಬ್ಬಿನ ರೋಗ ನಿರ್ವಹಣೆಯಲ್ಲಿ ಮುಕ್ಕಾಲು ಪಾಲು ಕೆಲಸ ನಾಟಿಗೆ ಮೊದಲೇ ಮುಗಿದಿರಬೇಕು.

ದೇಶದಲ್ಲಿ ಉತ್ತರ ಪ್ರದೇಶ ಮತ್ತು ಮಹಾರಾಷ್ಟ್ರದ ನಂತರ ಹೆಚ್ಚು ಕಬ್ಬು ಬೆಳೆಯುವ ರಾಜ್ಯ ಕರ್ನಾಟಕ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ನದಿ ಬಯಲುಗಳು, ಬೀದರ್ ಮತ್ತು ಕಲಬುರಗಿಯ ಕಪ್ಪು ನೆಲ, ಮಂಡ್ಯ–ಮೈಸೂರಿನ ಕಾಲುವೆ ಪ್ರದೇಶ ಇದರಲ್ಲಿ ಮುಖ್ಯ. ಇಲ್ಲಿ ಬೆಳೆಗಾರರನ್ನು ಹೆಚ್ಚು ಸತಾಯಿಸುವ ಶಿಲೀಂಧ್ರ ರೋಗ ಕಾಡಿಗೆ. ಅದರ ಜೊತೆಗೆ ಬಿತ್ತನೆ ತುಂಡಿನ ಕೊಳೆ, ಸೊರಗು, ಸುಳಿ ತಿರುಚುವ ಪೊಕ್ಕಾ ಬೋಯಿಂಗ್, ತುಕ್ಕು. ಉತ್ತರ ಭಾರತ, ಆಂಧ್ರದ ಕರಾವಳಿ ಮತ್ತು ತಮಿಳುನಾಡಿನಲ್ಲಿ ಸಾವಿರಾರು ಎಕರೆ ಅಳಿಸಿದ ಕೆಂಪು ಕೊಳೆ ದಖ್ಖನಿನ ಪ್ರಸ್ಥಭೂಮಿಯಲ್ಲಿ ಅಷ್ಟು ಹಾವಳಿ ಮಾಡಿಲ್ಲ. ಆದರೂ ಅದನ್ನು ಬಿಟ್ಟು ಕಬ್ಬಿನ ರೋಗಗಳ ಮಾತು ಪೂರ್ತಿಯಾಗದು.

ಕಾಡಿಗೆ ರೋಗವನ್ನು ಗುರುತಿಸಲು ಯಾವ ತಜ್ಞರೂ ಬೇಕಿಲ್ಲ. ಸುಳಿಯ ನಡುವಿನಿಂದ ಪೆನ್ಸಿಲ್ ದಪ್ಪದ, ಬಾಗಿದ, ಕಪ್ಪನೆಯ ಚಾಟಿಯೊಂದು ಹೊರಬರುತ್ತದೆ. ಒಂದು ಗೇಣಿನಿಂದ ಹಿಡಿದು ಮಾರುದ್ದದವರೆಗೂ ಬೆಳೆಯುತ್ತದೆ. ಮೊದಲ ದಿನಗಳಲ್ಲಿ ಅದರ ಮೇಲೆ ಬೆಳ್ಳಿಯಂಥ ತೆಳು ಪೊರೆ ಇರುತ್ತದೆ, ಪೊರೆ ಹರಿದಾಗ ಒಳಗಿನ ಕರಿಪುಡಿ ಗಾಳಿಗೆ ಹಾರುತ್ತದೆ. ಆ ಪುಡಿಯಷ್ಟೂ ಸ್ಪೋರಿಸೋರಿಯಂ ಸೈಟಮಿನಿಯಂ ಎಂಬ ಶಿಲೀಂಧ್ರದ ಬೀಜಾಣುಗಳು. ಒಂದು ಚಾಟಿಯಲ್ಲಿ ಅವು ಕೋಟಿಗಟ್ಟಲೆ ಇರುತ್ತವೆ. ಚಾಟಿ ಮೂಡುವ ಮೊದಲೇ ಗಿಡ ಸುಳಿವು ಕೊಡುತ್ತದೆ: ಬುಡದಲ್ಲಿ ಹುಲ್ಲಿನಂತೆ ಸಣ್ಣ ಸಣ್ಣ ಮರಿಗಳು ಮಿತಿಮೀರಿ ಒಡೆಯುತ್ತವೆ, ಎಲೆ ಕಿರಿದಾಗಿ ನೆಟ್ಟಗೆ ನಿಲ್ಲುತ್ತದೆ, ಜಲ್ಲೆ ತೆಳ್ಳಗಾಗುತ್ತದೆ.

ಈ ರೋಗದ ಅಪಾಯವೆಲ್ಲ ಅದರ ಅಡಗುವ ಗುಣದಲ್ಲಿದೆ. ಹಾರಿದ ಬೀಜಾಣು ಪಕ್ಕದ ಹೊಲದಲ್ಲಿ ನಿಂತ ಒಳ್ಳೆಯ ಕಬ್ಬಿನ ಗಿಣ್ಣಿನ ಮೇಲೆ ಕೂರುತ್ತದೆ, ತೇವ ಸಿಕ್ಕಾಗ ಮೊಳೆತು ಕಣ್ಣಿನೊಳಗೆ ಇಳಿಯುತ್ತದೆ, ಅಲ್ಲಿಗೆ ಸುಮ್ಮನಾಗುತ್ತದೆ. ಆ ಜಲ್ಲೆಯಲ್ಲಿ ಹೊರಗೆ ಯಾವ ಗುರುತೂ ಕಾಣದು, ರಸವೂ ಕೆಡದು. ಅದನ್ನು ಕಡಿದು ಬಿತ್ತನೆಗೆ ಬಳಸಿದಾಗ ಮಾತ್ರ ಎರಡರಿಂದ ನಾಲ್ಕು ತಿಂಗಳಲ್ಲಿ ಚಾಟಿ ಏಳುತ್ತದೆ. ಹಾಗಾಗಿ ದಪ್ಪಗೆ, ಹಸಿರಾಗಿ, ಕಣ್ಣು ತುಂಬುವಂತೆ ಬೆಳೆದಿದೆ ಎಂಬುದು ಬೀಜದ ಕಬ್ಬಿಗೆ ಅರ್ಹತೆಯೇ ಅಲ್ಲ. ಆ ಹೊಲದಲ್ಲಿ, ಅದರ ಅಕ್ಕಪಕ್ಕದಲ್ಲಿ ವರ್ಷದ ಹಿಂದಿನಿಂದ ಒಂದಾದರೂ ಚಾಟಿ ಕಂಡಿತ್ತೇ ಎಂದು ಕೇಳಬೇಕು. ಬೀಜ ಕೊಳ್ಳುವವರಲ್ಲಿ ಹೆಚ್ಚಿನವರು ಟನ್ನಿಗೆ ದರವೆಷ್ಟು, ಸಾಗಣೆ ಯಾರದು ಎಂದು ಕೇಳುತ್ತಾರೆಯೇ ಹೊರತು ಇದನ್ನಲ್ಲ.

ಬಿಸಿಲು, ಒಣ ಹವೆ, ನೀರಿನ ಕೊರತೆ ಕಾಡಿಗೆಗೆ ಹಿತ. ಒಣ ಮಣ್ಣಿನಲ್ಲಿ ಬೀಜಾಣು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಹಸಿ ಮಣ್ಣಿನಲ್ಲಿ ಬೇಗ ಸಾಯುತ್ತದೆ. ಕೂಳೆಯಲ್ಲಂತೂ ರೋಗ ಇಮ್ಮಡಿ ಮುಮ್ಮಡಿಯಾಗಿ ಏರುತ್ತದೆ. ನಾಟಿ ಬೆಳೆಯಲ್ಲಿ ಅಲ್ಲೊಂದು ಇಲ್ಲೊಂದು ಚಾಟಿ ಕಂಡ ಹೊಲದಲ್ಲಿ ಎರಡನೆಯ ಕೂಳೆಯ ಹೊತ್ತಿಗೆ ಪ್ರತಿ ಸಾಲಿನಲ್ಲೂ ಕಪ್ಪು ಆಡುತ್ತಿರುತ್ತದೆ. ನೂರು ಗುಳಿಗಳಲ್ಲಿ ಹತ್ತಕ್ಕಿಂತ ಹೆಚ್ಚು ರೋಗಪೀಡಿತವಾಗಿದ್ದರೆ ಕೂಳೆ ಬಿಡಲೇಬಾರದು ಎಂಬುದು ಕೃಷಿ ವಿಜ್ಞಾನಿಗಳ ಶಿಫಾರಸು. ಲೆಕ್ಕದ ದೃಷ್ಟಿಯಿಂದಲೂ ಅದು ಸರಿ, ಏಕೆಂದರೆ ಅಂಥ ಕೂಳೆಯ ಇಳುವರಿ ನೀರು ಗೊಬ್ಬರದ ಖರ್ಚನ್ನೂ ಹುಟ್ಟಿಸದು.

ಚಾಟಿ ಕಂಡಾಗ ಮಾಡುವ ಕೆಲಸ ಸುಲಭ, ಆದರೆ ಅದನ್ನು ಸರಿಯಾಗಿ ಮಾಡುವವರು ಕಡಿಮೆ. ಸಾಮಾನ್ಯವಾಗಿ ನಡೆಯುವುದು ಹೀಗೆ: ಕಳೆ ತೆಗೆಯಲು ಬಂದವರು ಚಾಟಿಯನ್ನು ಕಿತ್ತು ಬದುವಿಗೆ ಎಸೆಯುತ್ತಾರೆ, ಇಲ್ಲವೇ ಕೈಯಲ್ಲಿ ಹಿಡಿದು ಸಾಲಿನುದ್ದಕ್ಕೂ ನಡೆಯುತ್ತಾರೆ. ಪುಡಿ ದಾರಿಯುದ್ದಕ್ಕೂ ಉದುರುತ್ತದೆ. ಬುಡ ಅಲ್ಲೇ ಉಳಿದದ್ದರಿಂದ ಉಳಿದ ಮರಿಗಳಿಂದ ಮತ್ತೆ ಚಾಟಿ ಏಳುತ್ತದೆ. ಸರಿಯಾದ ಕ್ರಮವೆಂದರೆ ಬೆಳಗಿನ ಹೊತ್ತು, ಇಬ್ಬನಿ ಆರುವ ಮೊದಲು, ಗಾಳಿ ಇಲ್ಲದಾಗ ಹೋಗಬೇಕು. ಗೋಣಿ ಚೀಲವನ್ನೋ ಪ್ಲಾಸ್ಟಿಕ್ ಚೀಲವನ್ನೋ ಚಾಟಿಯ ಮೇಲಿನಿಂದ ಮೆಲ್ಲನೆ ಇಳಿಸಿ, ಬಾಯಿ ಬಿಗಿದು, ಆಮೇಲೆ ಕೆಳಗೆ ಕೊಯ್ಯಬೇಕು. ನಂತರ ಗುದ್ದಲಿ ಹಾಕಿ ಇಡೀ ಗುಳಿಯನ್ನು ಬೇರುಸಹಿತ ಎತ್ತಬೇಕು. ಚೀಲ, ಬುಡ ಎರಡನ್ನೂ ಹೊಲದ ಹೊರಗೆ ಸುಡಬೇಕು. ಪೊರೆ ಹರಿಯದ ಎಳೆಯ ಚಾಟಿಯಾದರೆ ಕೆಲಸ ಇನ್ನೂ ಹಗುರ, ಅದಕ್ಕೆಂದೇ ನೆಟ್ಟ ಎರಡನೇ ತಿಂಗಳಿನಿಂದ ಹದಿನೈದು ದಿನಕ್ಕೊಮ್ಮೆ ಹೊಲ ಸುತ್ತುವುದು ಒಳ್ಳೆಯದು.

ಸಕ್ಕರೆ ರಫ್ತಿನಲ್ಲಿ ಮುಂದಿರುವ ಆಸ್ಟ್ರೇಲಿಯಾ ಬಹುಕಾಲ ಕಾಡಿಗೆ ಇಲ್ಲದ ನಾಡಾಗಿತ್ತು. 1998ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಆರ್ಡ್ ನದಿ ಪ್ರದೇಶದಲ್ಲಿ, 2006ರಲ್ಲಿ ಕಬ್ಬಿನ ಮುಖ್ಯ ಸೀಮೆಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ರೋಗ ಕಾಣಿಸಿಕೊಂಡಿತು. ಅಷ್ಟು ಕಟ್ಟುನಿಟ್ಟಿನ ತಪಾಸಣೆ ಇದ್ದ ದೇಶವೂ ಅದನ್ನು ಕಿತ್ತೊಗೆಯಲಾಗದೆ ಕೊನೆಗೆ ರೋಗ ಸಹಿಸುವ ತಳಿಗಳಿಗೆ ಹೊರಳಬೇಕಾಯಿತು.

ಬಿತ್ತನೆ ತುಂಡಿನ ಕೊಳೆ ಕಾಡಿಗೆಗಿಂತ ಬೇರೆ ಜಾತಿಯದು. ಇದು ಮಣ್ಣಿನಲ್ಲೇ ಇರುವ ಶಿಲೀಂಧ್ರ, ಒಳಹೊಗಲು ಇದಕ್ಕೆ ಗಾಯ ಬೇಕು. ಕಬ್ಬಿನ ತುಂಡಿಗೆ ಎರಡು ತುದಿಯಲ್ಲೂ ಕತ್ತರಿಸಿದ ಗಾಯ ಇದ್ದೇ ಇರುತ್ತದೆ. ನಾಟಿಯಾಗಿ ಮೂರು ವಾರವಾದರೂ ಸಾಲಿನಲ್ಲಿ ಖಾಲಿ ಜಾಗ ಕಂಡರೆ ಅಲ್ಲಿನ ತುಂಡೊಂದನ್ನು ಕೆದಕಿ ತೆಗೆದು ಸೀಳಿ ನೋಡಬೇಕು. ಒಳಗೆ ಮೊದಲು ಕೆಂಪಾಗಿ, ಆಮೇಲೆ ಕರಿಮಸಿಯಂತಾಗಿ, ತಿರುಳು ಕರಗಿ ನಾರಷ್ಟೇ ಉಳಿದಿರುತ್ತದೆ. ಮೂಗಿಗೆ ಮಾಗಿದ ಅನಾನಸಿನ ವಾಸನೆ ಬರುತ್ತದೆ. ಈಥೈಲ್ ಅಸಿಟೇಟ್ ಎಂಬ ರಾಸಾಯನಿಕದ ವಾಸನೆ ಅದು, ಕಣ್ಣು ಮೊಳೆಯದಂತೆ ತಡೆಯುವುದೂ ಅದೇ. ಚಳಿಗಾಲದ ನಾಟಿಯಲ್ಲಿ, ನೀರು ಬಸಿಯದ ಎರೆಭೂಮಿಯಲ್ಲಿ ಮೊಳಕೆ ನಿಧಾನವಾದಷ್ಟೂ ಇದರ ಕೈ ಮೇಲಾಗುತ್ತದೆ. ಕೃಷ್ಣಾ, ಘಟಪ್ರಭಾ ದಂಡೆಯ ಹೊಲಗಳಲ್ಲಿ ಮೊಳಕೆ ಬರಲಿಲ್ಲವೆಂದು ಬೀಜ ಮಾರಿದವರನ್ನು ದೂರುವ ಎಷ್ಟೋ ಪ್ರಕರಣಗಳಲ್ಲಿ ತಪ್ಪು ನಿಂತ ನೀರಿನದ್ದಾಗಿರುತ್ತದೆ.

ಔಷಧೋಪಚಾರ ನಿಜವಾಗಿ ಕೆಲಸ ಮಾಡುವ ರೋಗ ಇದು. ಲೀಟರು ನೀರಿಗೆ 1 ಗ್ರಾಂ ಕಾರ್ಬೆಂಡಜಿಂ ಬೆರೆಸಿ ತುಂಡುಗಳನ್ನು 15 ನಿಮಿಷ ಅದ್ದಿದರೆ ಕತ್ತರಿಸಿದ ತುದಿಗಳಿಗೆ ರಕ್ಷಣೆ ಸಿಗುತ್ತದೆ. ಅದ್ದುವವರ ಕೈಗೆ ರಬ್ಬರ್ ಕವಚ ಇರಬೇಕು. ದ್ರಾವಣ ಮಣ್ಣಾದಾಗ ಬದಲಿಸಬೇಕು, ಒಂದೇ ಡ್ರಮ್ಮಿನಲ್ಲಿ ದಿನವಿಡೀ ಅದ್ದುತ್ತ ಹೋದರೆ ಸಂಜೆಯ ಹೊತ್ತಿಗೆ ಅದರಲ್ಲಿ ಔಷಧಿಗಿಂತ ಕೆಸರೇ ಹೆಚ್ಚು. ಒಂದೇ ಕಣ್ಣಿನ ತುಂಡುಗಳಿಗೆ ಈ ಉಪಚಾರ ಬಿಡಲೇಬಾರದು, ಅಲ್ಲಿ ಗಾಯಕ್ಕೂ ಕಣ್ಣಿಗೂ ಇರುವ ಅಂತರ ಒಂದೆರಡು ಬೆರಳಿನಷ್ಟೇ.

ಸೊರಗು ರೋಗ ಕಾಣಿಸುವುದು ಮಳೆಗಾಲ ಮುಗಿಯುವ ಹೊತ್ತಿಗೆ. ಗುಳಿಗೆ ಗುಳಿಯೇ ಹಳದಿ ತಿರುಗಿ ಒಣಗುತ್ತದೆ. ಜಲ್ಲೆ ಎತ್ತಿದರೆ ಹಗುರ, ಸೀಳಿದರೆ ಒಳಗೆ ದೋಣಿಯ ಆಕಾರದ ಟೊಳ್ಳು, ಸುತ್ತ ಮಾಸಲು ಕಂದು ಅಥವಾ ನೇರಳೆ ಬಣ್ಣ. ಫ್ಯುಸೇರಿಯಂ ಜಾತಿಯ ಶಿಲೀಂಧ್ರಗಳು ಇದಕ್ಕೆ ಕಾರಣ. ಬೇರು ಕೊರೆಯುವ ಹುಳು ಮತ್ತು ಜಂತುಹುಳುಗಳು ಮಾಡಿದ ಗಾಯ ಅವುಗಳಿಗೆ ಬಾಗಿಲು. ಬೇಸಿಗೆಯಲ್ಲಿ ನೀರಿಲ್ಲದೆ ಬಾಡಿ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ನೀರಲ್ಲಿ ನಿಂತ ಕಬ್ಬಿಗೆ ಇದು ಹೆಚ್ಚು. ಬಂದ ಮೇಲೆ ಉಪಾಯವಿಲ್ಲ. ಸವಳು ಜವಳಾದ ನೆಲಕ್ಕೆ ಬಸಿಗಾಲುವೆ ತೆಗೆಯದೆ ಇಲ್ಲಿ ಏನು ಮಾಡಿದರೂ ಮೇಲುಮೇಲಿನ ಕೆಲಸವೇ. ಕೊಟ್ಟಿಗೆ ಗೊಬ್ಬರ ಅಥವಾ ಕಾರ್ಖಾನೆಯ ಪ್ರೆಸ್‌ಮಡ್‌ನಲ್ಲಿ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಬೆರೆಸಿ, ನೆರಳಲ್ಲಿ ತೇವವಾಗಿಟ್ಟು ಬೆಳೆಸಿ, ನಾಟಿ ಸಾಲಿಗೆ ಹಾಕುವ ರೂಢಿ ಈಗ ಹಬ್ಬಿದೆ. ಮಣ್ಣಿನಲ್ಲಿರುವ ರೋಗಾಣುವನ್ನು ಅದು ತಗ್ಗಿಸುತ್ತದೆ, ಆದರೆ ತುಂಡಿನೊಳಗೆ ಆಗಲೇ ಸೇರಿದ ರೋಗಕ್ಕೆ ಅದರಿಂದ ಏನೂ ಆಗದು. ಚೀಲದ ಮೇಲಿನ ಬರಹ ಮಾತ್ರ ಎಲ್ಲವನ್ನೂ ವಾಸಿಮಾಡುವ ಭರವಸೆ ಕೊಡುತ್ತದೆ.

ಇನ್ನು ಕೆಂಪು ಕೊಳೆ. ಕಬ್ಬಿನ ಕ್ಯಾನ್ಸರ್ ಎಂದು ಉತ್ತರದಲ್ಲಿ ಕರೆಯುವ ಈ ರೋಗಕ್ಕೆ ಕಾರಣ ಕೊಲೆಟೋಟ್ರೈಕಮ್ ಫಾಲ್ಕೇಟಮ್. ಜಾವಾದಲ್ಲಿ 1893ರಲ್ಲಿ ವೆಂಟ್ ಎಂಬ ಡಚ್ ವಿಜ್ಞಾನಿ ಇದನ್ನು ಮೊದಲು ವಿವರಿಸಿದ. ಹತ್ತೊಂಬತ್ತನೇ ಶತಮಾನದ ಕೊನೆಗೆ ಗೋದಾವರಿ ಮುಖಜ ಭೂಮಿಯ ಕಬ್ಬು ಇದರಿಂದ ನಾಶವಾಯಿತು. ಅದನ್ನು ಅಧ್ಯಯನ ಮಾಡಿದ ಸಸ್ಯವಿಜ್ಞಾನಿ ಸಿ.ಎ. ಬಾರ್ಬರ್ ಗೋದಾವರಿ ಸೀಮೆಯ ಸಾಮರ್ಲಕೋಟೆಯಲ್ಲಿ ಸಂಶೋಧನಾ ಕ್ಷೇತ್ರ ಕಟ್ಟಲು ಕಾರಣನಾದ. 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬು ತಳಿ ಸಂಸ್ಥೆ ಶುರುವಾದಾಗ ಅದರ ಹೊಣೆ ಹೊತ್ತವನೂ ಅವನೇ. ಇಂದು ‘ಕೋ’ ಅಕ್ಷರದಿಂದ ಶುರುವಾಗುವ ತಳಿಗಳೆಲ್ಲ ಆ ಊರಿನ ಹೆಸರು ಹೊತ್ತವು, ಮಂಡ್ಯದ ವಿ.ಸಿ. ಫಾರಂ ಹೆಸರಿನ ತಳಿಗಳ ಮೂಲದಲ್ಲೂ ಬಹುಮಟ್ಟಿಗೆ ಆ ರಕ್ತವೇ ಇದೆ. ಭಾರತದ ಕಬ್ಬು ತಳಿ ಸಂಶೋಧನೆಯ ಆರಂಭದಲ್ಲೇ ಹೀಗೆ ಒಂದು ಶಿಲೀಂಧ್ರದ ಪಾತ್ರವಿದೆ.

ರೋಗ ಗುರುತಿಸುವ ವಿಧಾನವನ್ನು ಪ್ರತಿ ಬೆಳೆಗಾರರೂ ಕೈಯಾರೆ ಮಾಡಿ ಕಲಿಯಬೇಕು. ಮಳೆಗಾಲದ ನಡುವೆ ಸುಳಿಯಿಂದ ಮೂರನೆಯ ಅಥವಾ ನಾಲ್ಕನೆಯ ಎಲೆ ಅಂಚಿನಿಂದ ಹಳದಿಯಾಗಿ ಒಣಗಲು ತೊಡಗುತ್ತದೆ, ಆಮೇಲೆ ತಲೆ ಪೂರ್ತಿ ಬಾಡುತ್ತದೆ. ಅಂಥ ಜಲ್ಲೆಯೊಂದನ್ನು ಬುಡಕ್ಕೆ ಕಡಿದು ಮಚ್ಚಿನಿಂದ ಉದ್ದಕ್ಕೆ ಸೀಳಬೇಕು. ತಿರುಳೆಲ್ಲ ಕೆಂಪಾಗಿದ್ದು, ಆ ಕೆಂಪಿನ ನಡುವೆ ಅಡ್ಡಡ್ಡಕ್ಕೆ ಬಿಳಿ ಪಟ್ಟೆಗಳಿದ್ದರೆ ಅದು ಕೆಂಪು ಕೊಳೆಯೇ. ಬರೀ ಕೆಂಪು ಸಾಲದು, ಬಿಳಿ ಪಟ್ಟೆ ಮುಖ್ಯ. ಕಾಂಡ ಕೊರಕ ಹುಳು ತಿಂದ ಜಾಗವೂ ಕೆಂಪಾಗುತ್ತದೆ, ಆದರೆ ಅಲ್ಲಿ ಹುಳುವಿನ ಸುರಂಗ ಇರುತ್ತದೆ, ಪಟ್ಟೆ ಇರುವುದಿಲ್ಲ. ಸೀಳಿದ ಹೋಳನ್ನು ಮೂಗಿಗೆ ಹಿಡಿದರೆ ಹುಳಿ ಹೆಂಡದ ವಾಸನೆ. ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿರುವುದರಿಂದ ಅಂಥ ಕಬ್ಬಿನ ರಸ ಆಲೆಮನೆಗೆ ಹೋದರೆ ಬೆಲ್ಲ ಗಟ್ಟಿಯಾಗಿ ಅಚ್ಚು ಕೂರುವುದಿಲ್ಲ, ಕಾರ್ಖಾನೆಗೆ ಹೋದರೆ ಇಳುವರಿ ಕುಸಿಯುತ್ತದೆ. ಎಲೆಯ ನಡುನರದ ಮೇಲೂ ಕೆಂಪು ಗೆರೆಗಳು, ಅವುಗಳ ನಡುವೆ ಹುಲ್ಲಿನ ಬಣ್ಣದ ಮಚ್ಚೆ, ಮಚ್ಚೆಯಲ್ಲಿ ಕರಿಚುಕ್ಕೆಗಳು ಕಾಣಬಹುದು.

ಬಿತ್ತನೆ ತುಂಡು ಈ ರೋಗದ ಮೊದಲ ವಾಹನ. ಆಮೇಲೆ ಮಳೆಯ ಹನಿ, ಹರಿಯುವ ನೀರು, ಹೊಲದಲ್ಲಿ ಉಳಿದ ಬುಡ ಅದನ್ನು ಹರಡುತ್ತವೆ. ರೋಗದ ಹೊಲದಿಂದ ಕೆಳಗಿನ ಹೊಲಕ್ಕೆ ಕಾಲುವೆ ನೀರು ಹಾಯಿಸುವ ರೂಢಿ ಇದ್ದಲ್ಲಿ ಇಡೀ ಬಯಲಿಗೆ ರೋಗ ಹಂಚಿದಂತೆ. ರೋಗ ಕಂಡ ಗುಳಿಗಳನ್ನು ಬೇರುಸಹಿತ ಕಿತ್ತು ಸುಟ್ಟು, ಗುಂಡಿಗೆ ಬ್ಲೀಚಿಂಗ್ ಪುಡಿ ಹಾಕಿ ಮುಚ್ಚಬೇಕು. ಆ ಭಾಗಕ್ಕೆ ಬದು ಕಟ್ಟಿ ನೀರನ್ನು ಬೇರ್ಪಡಿಸಬೇಕು. ಹೊಲದಲ್ಲಿ ರೋಗ ಹಬ್ಬಿದ್ದರೆ ಕೂಳೆಯ ಆಸೆ ಬಿಟ್ಟು ಭತ್ತದಂಥ ಬೇರೆ ಬೆಳೆಗೆ ಹೊರಳಬೇಕು. ಬೀಜದ ಹೊಲವನ್ನು ಪ್ರಮಾಣೀಕರಿಸುವಾಗ ಕೆಂಪು ಕೊಳೆಯ ಒಂದೇ ಒಂದು ಗಿಡ ಸಿಕ್ಕರೂ ಇಡೀ ಹೊಲ ತಿರಸ್ಕೃತ. ಬೇರೆ ಕೆಲವು ರೋಗಗಳಿಗೆ ಇರುವ ಅಲ್ಪಸ್ವಲ್ಪ ರಿಯಾಯಿತಿ ಇದಕ್ಕಿಲ್ಲ.

ಈ ರೋಗದ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುವ ಕತೆಯೊಂದಿದೆ: ಒಳ್ಳೆಯ ತಳಿಯೊಂದು ಬರುತ್ತದೆ, ಎಲ್ಲರೂ ಅದನ್ನೇ ಹಾಕುತ್ತಾರೆ, ಶಿಲೀಂಧ್ರ ಅದಕ್ಕೆ ಹೊಂದಿಕೊಳ್ಳುತ್ತದೆ, ತಳಿ ಮೂಲೆಗೆ ಬೀಳುತ್ತದೆ. 1938–39ರ ಸುಮಾರಿಗೆ ಪೂರ್ವ ಉತ್ತರ ಪ್ರದೇಶ ಮತ್ತು ಉತ್ತರ ಬಿಹಾರದಲ್ಲಿ ಕೋ 213 ತಳಿಗೆ ಹಾಗಾಯಿತು. ಇತ್ತೀಚಿನದು ಕೋ 0238ರದ್ದು. ಕೊಯಮತ್ತೂರು ಸಂಸ್ಥೆಯ ಕರ್ನಾಲ್ ಕೇಂದ್ರದಲ್ಲಿ ಬಕ್ಷಿ ರಾಮ್ ರೂಪಿಸಿದ, 2009ರಲ್ಲಿ ಬಿಡುಗಡೆಯಾದ ಈ ತಳಿ ಉತ್ತರ ಪ್ರದೇಶದ ಸಕ್ಕರೆ ಉದ್ಯಮದ ಮುಖವನ್ನೇ ಬದಲಿಸಿತು. ಒಂದು ಹಂತದಲ್ಲಿ ಆ ರಾಜ್ಯದ ಕಬ್ಬಿನ ಐದರಲ್ಲಿ ನಾಲ್ಕು ಪಾಲು ಇದೊಂದೇ ತಳಿ. ಬಿಡುಗಡೆಯ ಹೊತ್ತಿಗೆ ಕೆಂಪು ಕೊಳೆಯನ್ನು ತಡೆಯುತ್ತಿದ್ದ ಅದೇ ಕಬ್ಬು ಹತ್ತು ವರ್ಷ ಕಳೆಯುವಷ್ಟರಲ್ಲಿ ರೋಗಾಣುವಿನ ಹೊಸ ರೂಪಕ್ಕೆ ಬಲಿಯಾಯಿತು. ಸರಕಾರವೇ ಅದನ್ನು ನೆಡಬೇಡಿ ಎಂದು ಹೇಳುವ ಸ್ಥಿತಿ ಬಂತು.

ಕರ್ನಾಟಕಕ್ಕೆ ಇದರಲ್ಲಿ ಯೋಚಿಸುವ ವಿಷಯವಿದೆ. ಮಂಡ್ಯದ ಕಡೆ ಒಂದು ಕಾಲಕ್ಕೆ ಕೋ 419, ಆಮೇಲೆ ಕೋ 62175 ಮೆರೆದವು. ಈಗ ರಾಜ್ಯದ ಉದ್ದಗಲಕ್ಕೂ ಕೋ 86032ರದ್ದೇ ದೊಡ್ಡ ಪಾಲು. ಒಳ್ಳೆಯ ಸಕ್ಕರೆ, ಒಳ್ಳೆಯ ಕೂಳೆ, ಬರ ತಡೆಯುವ ಗುಣ, ಬೆಲ್ಲಕ್ಕೂ ಹೊಂದುವ ರಸ ಇರುವ ತಳಿಯನ್ನು ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಕಾರ್ಖಾನೆಯೊಂದರ ವ್ಯಾಪ್ತಿಯಲ್ಲಿ ಒಂದೇ ತಳಿ ಅರ್ಧಕ್ಕಿಂತ ಮೇಲೆ ಹೋಗದಂತೆ ನೋಡಿಕೊಳ್ಳುವುದು ಅಸಾಧ್ಯವೇನಲ್ಲ. ಮಂಡ್ಯದ ವಿ.ಸಿ. ಫಾರಂ ಮತ್ತು ಸಂಕೇಶ್ವರದ ಸಂಶೋಧನಾ ಕೇಂದ್ರಗಳು ಬಿಡುಗಡೆ ಮಾಡಿದ ಬೇರೆ ತಳಿಗಳಿವೆ. ಅವು ಹೊಲಕ್ಕೆ ಇಳಿಯದಿರುವುದು ಬೀಜ ಸಿಗದ ಕಾರಣಕ್ಕೇ ಹೊರತು ಗುಣವಿಲ್ಲದ ಕಾರಣಕ್ಕಲ್ಲ. ತಳಿಯೊಂದನ್ನು ಸಂಕರಿಸಿ, ಆರಿಸಿ, ಪರೀಕ್ಷಿಸಿ ರೈತರ ಕೈಗಿಡಲು ಹತ್ತು ಹದಿನೈದು ವರ್ಷ ಬೇಕು. ರೋಗ ಪರೀಕ್ಷೆಯೂ ಅದರೊಳಗೇ ನಡೆಯುತ್ತದೆ: ಕೆಂಪು ಕೊಳೆಗೆ ನಿಂತ ಜಲ್ಲೆಯ ಬುಡದ ಗಣಿಕೆಗೆ ತೂತು ಕೊರೆದು ಶಿಲೀಂಧ್ರವನ್ನು ತುಂಬಿ ಮುಚ್ಚುತ್ತಾರೆ, ಎರಡು ತಿಂಗಳ ನಂತರ ಸೀಳಿ ಎಷ್ಟು ಹರಡಿದೆ ಎಂದು ಸೊನ್ನೆಯಿಂದ ಒಂಬತ್ತರವರೆಗಿನ ಅಂಕ ಕೊಡುತ್ತಾರೆ. ಕಾಡಿಗೆಗಾದರೆ ತುಂಡುಗಳನ್ನು ಬೀಜಾಣು ಕಲಸಿದ ನೀರಲ್ಲಿ ನೆನೆಸಿ ನೆಡುತ್ತಾರೆ. ಬೇರೆ ರಾಜ್ಯದಿಂದ ಲಾರಿಯಲ್ಲಿ ಬಂದಿಳಿಯುವ, ಹೆಸರೂ ಸರಿಯಾಗಿ ಗೊತ್ತಿಲ್ಲದ ‘ಹೊಸ ತಳಿ’ಗಳು ಇಂಥ ಯಾವ ಪರೀಕ್ಷೆಯನ್ನೂ ಈ ನೆಲದಲ್ಲಿ ಎದುರಿಸಿರುವುದಿಲ್ಲ.

ಎಲೆಯ ರೋಗಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತುಕ್ಕು ರೋಗದಲ್ಲಿ ಎಲೆಯ ಕೆಳಭಾಗದಲ್ಲಿ ಉಬ್ಬಿದ ಕಂದು ಗುಳ್ಳೆಗಳೇಳುತ್ತವೆ, ಬೆರಳಿಂದ ಉಜ್ಜಿದರೆ ಕಾವಿಬಣ್ಣದ ಪುಡಿ ಅಂಟುತ್ತದೆ. ಮಳೆ ಹಿಂದೆ ಸರಿದು ಇಬ್ಬನಿ ಬೀಳುವ, ತಂಪಾದ ತಿಂಗಳುಗಳಲ್ಲಿ, ಬೆಳಗಾವಿಯ ಪಶ್ಚಿಮ ಭಾಗದಂಥ ತೇವದ ಸೀಮೆಯಲ್ಲಿ ಇದು ಹೆಚ್ಚು. ಪೊಕ್ಕಾ ಬೋಯಿಂಗ್ ಮಳೆಗಾಲದ ರೋಗ. ಎಳೆಯ ಎಲೆಯ ಬುಡ ಬಿಳುಚಿ, ಸುಳಿ ಸುಕ್ಕಾಗಿ ತಿರುಚಿಕೊಳ್ಳುತ್ತದೆ. ಹೆಚ್ಚಿನ ಗಿಡಗಳು ಮಳೆ ಕಡಿಮೆಯಾದ ಮೇಲೆ ತಾವೇ ಚೇತರಿಸಿಕೊಳ್ಳುತ್ತವೆ, ಸುಳಿ ಕೊಳೆತವು ಮಾತ್ರ ಉಳಿಯವು. ಸಿಂಪಡಣೆಗೆ ಅರ್ಥವಿರುವುದು ಈ ಎರಡರಲ್ಲಿ. ತುಕ್ಕಿಗೆ ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಅಥವಾ 1 ಮಿ.ಲೀ. ಪ್ರೊಪಿಕೊನಜೋಲ್, ಬೇಕಿದ್ದರೆ ಹದಿನೈದು ದಿನಕ್ಕೆ ಇನ್ನೊಮ್ಮೆ. ಅದೂ ಬೆಳೆ ಚಿಕ್ಕದಿದ್ದು ಹೊಲದೊಳಗೆ ಓಡಾಡಲು ಸಾಧ್ಯವಿರುವಾಗ. ಯೂರಿಯಾ ಸುರಿದು ಎಲೆಯನ್ನು ಮೆದುವಾಗಿಸಿದ ಹೊಲಕ್ಕೆ ಈ ರೋಗಗಳು ಬೇಗ ಬರುತ್ತವೆ.

ಮತ್ತೆ ಬೀಜಕ್ಕೇ ಬರಬೇಕು. ಒಳ್ಳೆಯ ಬೀಜ ತಯಾರಾಗುವುದು ಮೂರು ಮೆಟ್ಟಿಲಿನಲ್ಲಿ: ಸಂಶೋಧನಾ ಕೇಂದ್ರದಲ್ಲಿ ಶಾಖೋಪಚಾರ ಮಾಡಿದ ಅಥವಾ ಅಂಗಾಂಶ ಕೃಷಿಯ ಮೂಲಬೀಜ, ಅದರಿಂದ ಕಾರ್ಖಾನೆಯ ಹೊಲದಲ್ಲಿ ತಳಬೀಜ, ಅದರಿಂದ ಆಯ್ದ ರೈತರ ಹೊಲದಲ್ಲಿ ಪ್ರಮಾಣಿತ ಬೀಜ. ಶಾಖೋಪಚಾರದ ಹಿಂದಿನ ವಿಚಾರ ಸರಳ. ಕಬ್ಬಿನ ಕಣ್ಣು ತಡೆಯುವ, ರೋಗಾಣು ತಡೆಯದ ಒಂದು ಉಷ್ಣತೆ ಇದೆ, ಅದರ ಅಗಲ ಬಹಳ ಕಿರಿದು. ಬಿಸಿನೀರಾದರೆ 50 ಡಿಗ್ರಿಯಲ್ಲಿ 2 ಗಂಟೆ. ಎರಡು ಡಿಗ್ರಿ ಕಡಿಮೆಯಾದರೆ ಕಾಡಿಗೆ ಉಳಿಯುತ್ತದೆ, ಎರಡು ಹೆಚ್ಚಾದರೆ ಮೊಳಕೆ ಹೋಗುತ್ತದೆ. ತೇವಭರಿತ ಬಿಸಿಗಾಳಿಯ ಯಂತ್ರದಲ್ಲಿ 54 ಡಿಗ್ರಿಗೆ ಎರಡೂವರೆ ಗಂಟೆ. ಹಿತ್ತಲಿನ ಹಂಡೆಯಲ್ಲಿ ಇದನ್ನು ಮಾಡಲು ಹೋಗಬಾರದು, ಉಷ್ಣತೆ ಹಿಡಿದಿಡುವ ಯಂತ್ರ ಬೇಕೇ ಬೇಕು. ಕಾರ್ಖಾನೆಗೊಂದು ಅಂಥ ಘಟಕ ಇರಬೇಕೆಂದು ದಶಕಗಳಿಂದ ಹೇಳಲಾಗುತ್ತಿದೆ. ಇದ್ದಲ್ಲೂ ಎಷ್ಟೋ ಕಡೆ ಅದು ತುಕ್ಕು ಹಿಡಿದು ನಿಂತಿದೆ. ಉಪಚಾರಕ್ಕೂ ಮಿತಿ ಇದೆ. ಕಾಡಿಗೆಯನ್ನು ಅದು ಚೆನ್ನಾಗಿ ತಗ್ಗಿಸುತ್ತದೆ, ತಿರುಳಿನ ಆಳಕ್ಕಿಳಿದ ಕೆಂಪು ಕೊಳೆಯನ್ನು ಪೂರ್ತಿ ತೆಗೆಯಲಾರದು. ಬೆಂದ ತುಂಡು ಮೆತ್ತಗಾಗಿ ಅನಾನಸ್ ವಾಸನೆಯ ಕೊಳೆಗೆ ಸುಲಭ ತುತ್ತಾಗುವುದರಿಂದ ತಣಿದ ಮೇಲೆ ಶಿಲೀಂಧ್ರನಾಶಕದಲ್ಲಿ ಅದ್ದಿಯೇ ನೆಡಬೇಕು.

ಬೀಜದ ಹೊಲಕ್ಕೆ ಹಾಕಿದ ಕಬ್ಬನ್ನು ಏಳೆಂಟು ತಿಂಗಳಲ್ಲಿ ಕಡಿಯಬೇಕು. ಹದಿನಾಲ್ಕು ತಿಂಗಳ ಮಾಗಿದ ಕಬ್ಬಿನ ಬುಡದ ಕಣ್ಣುಗಳು ಗಟ್ಟಿಯಾಗಿ ಮೊಳೆಯವು, ಅಷ್ಟು ದಿನ ನಿಂತದ್ದರಿಂದ ರೋಗ ತಗಲುವ ಅವಕಾಶವೂ ಹೆಚ್ಚು. ಕೂಳೆಯಿಂದ ಬೀಜ ತೆಗೆಯುವುದು ದೊಡ್ಡ ತಪ್ಪು, ಕಡಿಮೆ ದರಕ್ಕೆ ಸಿಗುವುದು ಹೆಚ್ಚಾಗಿ ಅಂಥದ್ದೇ. ತುಂಡು ಮಾಡುವಾಗ ಯಾವ ತುದಿಯಲ್ಲಾದರೂ ಕೆಂಪು ಕಂಡರೆ ಆ ಜಲ್ಲೆಯನ್ನು ಪೂರ್ತಿ ಬದಿಗಿಟ್ಟು, ಮಚ್ಚನ್ನು ಬೆಂಕಿಗೋ ಬ್ಲೀಚಿಂಗ್ ನೀರಿಗೋ ಹಿಡಿದು ಮುಂದುವರಿಯಬೇಕು. ಮೂರು ನಾಲ್ಕು ವರ್ಷಕ್ಕೊಮ್ಮೆ ಮೂಲಬೀಜವನ್ನೇ ಬದಲಿಸಬೇಕು.

ಟ್ರೇಯಲ್ಲಿ ಬೆಳೆಸಿದ ಒಂಟಿ ಕಣ್ಣಿನ ಸಸಿಗಳು ಈಗ ಊರೂರಲ್ಲಿ ಸಿಗುತ್ತವೆ. ಸಾಲಿನ ಅಂತರಕ್ಕೆ ತಕ್ಕಂತೆ ಎಕರೆಗೆ ನಾಲ್ಕರಿಂದ ಏಳು ಸಾವಿರ ಸಸಿ ಸಾಕು, ಮೂರು ಟನ್ ಬೀಜದ ಹೊರೆ ತಪ್ಪುತ್ತದೆ. ಇಷ್ಟು ಸಣ್ಣ ರಾಶಿಯನ್ನು ಆರಿಸುವುದೂ ಉಪಚರಿಸುವುದೂ ಸುಲಭ, ಸೊರಗಿದ ಸಸಿಯನ್ನು ಟ್ರೇಯಲ್ಲೇ ಎಸೆಯಬಹುದು. ರೋಗ ತಡೆಗೆ ಕಬ್ಬಿನಲ್ಲಿ ಇತ್ತೀಚೆಗೆ ಸಿಕ್ಕ ಒಳ್ಳೆಯ ಅವಕಾಶ ಇದು. ಆದರೆ ನರ್ಸರಿಯವರು ಕಣ್ಣು ತೆಗೆದ ಕಬ್ಬು ಯಾವ ಹೊಲದ್ದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ರೋಗದ ಹೊಲದ ಕಣ್ಣುಗಳನ್ನು ಟ್ರೇಗೆ ತುಂಬಿದರೆ ಹತ್ತು ಊರಿಗೆ ರೋಗ ಹಂಚಲು ಇದಕ್ಕಿಂತ ಚುರುಕಾದ ವ್ಯವಸ್ಥೆ ಇನ್ನೊಂದಿಲ್ಲ.

ಕಟಾವಿನ ಸರದಿಯೂ ರೋಗ ನಿರ್ವಹಣೆಗೆ ಸೇರಿದ್ದು. ರೋಗ ಬಂದ ಹೊಲವನ್ನು ನೋಂದಣಿಯ ಕ್ರಮಕ್ಕೆ ಕಾಯಿಸದೆ ಮೊದಲು ಕಡಿಸಬೇಕು. ಕಾದಷ್ಟೂ ತೂಕ, ಸಕ್ಕರೆ ಎರಡೂ ಇಳಿಯುತ್ತವೆ, ರೋಗಾಣು ಬೆಳೆಯುತ್ತದೆ. ಕಾರ್ಖಾನೆಯ ಫೀಲ್ಡ್‌ಮನ್ ಮತ್ತು ಬೆಳೆಗಾರರು ಸೇರಿ ಮಾಡಬೇಕಾದ ಕೆಲಸ ಇದು, ಯಾಕೆಂದರೆ ಕಟಾವು ಗ್ಯಾಂಗಿನ ಕೊರತೆ ಇರುವ ದಿನಗಳಲ್ಲಿ ಸರದಿ ಬದಲಿಸುವುದು ಸಣ್ಣ ಮಾತಲ್ಲ. ಕಡಿದ ಮೇಲೆ ರವದಿಯ ಪ್ರಶ್ನೆ ಬರುತ್ತದೆ. ರವದಿ ಸುಡಬಾರದು, ಸಾಲಿನ ನಡುವೆ ಹೊದಿಸಿ ಮಣ್ಣಿಗೆ ಸೇರಿಸಬೇಕು ಎಂಬುದು ಸರಿಯಾದ ಸಲಹೆ, ಆದರೆ ಅದು ಆರೋಗ್ಯವಾಗಿರುವ ಹೊಲಕ್ಕೆ. ಕೆಂಪು ಕೊಳೆ ಅಥವಾ ಕಾಡಿಗೆ ಹಬ್ಬಿದ ಹೊಲದಲ್ಲಿ ರವದಿಯನ್ನೂ ಉಳಿದ ತುಂಡುಗಳನ್ನೂ ಅಲ್ಲೇ ಸುಟ್ಟು, ಬುಡಗಳನ್ನು ನೇಗಿಲಿನಿಂದ ಮೇಲೆತ್ತಿ ಬಿಸಿಲಿಗೆ ಒಣಗಿಸಿ ಅವನ್ನೂ ಸುಡಬೇಕು. ಹಿಂದಿನ ಬುಡದಿಂದ ತಾನಾಗಿ ಎದ್ದ ಕಬ್ಬು ಮುಂದಿನ ಬೆಳೆಯ ನಡುವೆ ಅಲ್ಲಲ್ಲಿ ತಲೆಯೆತ್ತುತ್ತದೆ, ಅದನ್ನು ಕಂಡಕಂಡಲ್ಲಿ ಕೀಳಬೇಕು. ಆ ನೆಲಕ್ಕೆ ಭತ್ತವನ್ನೋ ಸೆಣಬಿನಂಥ ಹಸಿರೆಲೆ ಗೊಬ್ಬರದ ಬೆಳೆಯನ್ನೋ ಹಾಕಿ, ಕನಿಷ್ಠ ಒಂದು ವರ್ಷವಾದರೂ ಬಿಟ್ಟು, ಬೇರೆ ತಳಿಯ ಹೊಸ ಬೀಜದಿಂದ ಕಬ್ಬನ್ನು ಮತ್ತೆ ಶುರುಮಾಡಬಹುದು.